ದೂರು ಹೇಳದ ರೋಗಿ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ಕೊಟ್ಟೂರಿನಿಂದ ವರ್ಗವಾಗಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ಹಂಪಸಾಗರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದೆ. ಹುದ್ದೆ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ. ಹಳ್ಳಿಗಳ ಉಪಕೇಂದ್ರಗಳಲ್ಲಿರುವ ನರ್ಸುಗಳ ಕೆಲಸ ನೋಡಿಕೊಳ್ಳುವುದು, ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋಗುವುದು, ಲಸಿಕೆ, ಬಾಣಂತಿಯರು, ಕ್ಷಯರೋಗಿಗಳು, ಇವೆಲ್ಲ ನನ್ನ ಪಾಲಿನ ಕೆಲಸ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲೆಲ್ಲ ಇದೇ ಕೆಲಸ ಮಾಡಿ ಬಂದವಳಾದ್ದರಿಂದ ಹೊಸದಾಗಿ ಕಲಿಯುವುದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಇರಲಿಲ್ಲ.

ನಾನು ಕ್ರೈಸ್ತಳು. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಈ ಪ್ರಕರಣದಲ್ಲಿ ಅದೂ ಒಂದು ಭಾಗ. ಚಿಕ್ಕಂದಿನಲ್ಲಿ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದೆ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಮಂಡಿಯೂರಬೇಕು, ಗಂಟೆ ಹೊಡೆದರೆ ಊಟ. ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನರ್ಸಿಂಗ್ ತರಬೇತಿಯಲ್ಲೂ ಅದೇ ಶಿಸ್ತು. ಹೀಗಾಗಿ ನನಗೆ ಭಕ್ತಿ ಮತ್ತು ಶಿಸ್ತು ಎರಡೂ ಒಂದೇ ಡಬ್ಬಿಯಲ್ಲಿ ಸಿಕ್ಕವು. ಬೆಳಗಿನ ಪ್ರಾರ್ಥನೆ ಮುಗಿಸದೆ ನಾನು ಚಹಾ ಕುಡಿದವಳಲ್ಲ. ಪಾಳಿಗೆ ತಡವಾಗಿ ಹೋದವಳೂ ಅಲ್ಲ.

ಹೊಸ ಜಾಗಕ್ಕೆ ಬಂದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆ ಒಬ್ಬ ರೋಗಿಯ ವಿಷಯ ಹೇಳಿದಳು. ಹೊಳೆ ಹಿನ್ನೀರಿನ ದಂಡೆಯ ಹಳ್ಳಿಯೊಂದರಲ್ಲಿ ಒಬ್ಬ ಟೇಲರ್ ಇದ್ದಾರೆ. ವಾರದ ದಿನಗಳಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ, ಭಾನುವಾರ ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರ್. ಹಿಂದಿನ ವರ್ಷ ಕ್ಷಯ ಬಂದು, ಔಷಧ ಶುರು ಮಾಡಿ, ಮಧ್ಯದಲ್ಲಿ ಬಿಟ್ಟಿದ್ದಾರೆ. ಈಗ ಮತ್ತೆ ಕೆಮ್ಮು. ಯಾರು ಹೋದರೂ ಬಾಗಿಲಲ್ಲೇ ನಗುನಗುತ್ತ ಮಾತಾಡಿಸಿ ಕಳಿಸುತ್ತಾರೆ. ಅವರನ್ನು ಇಲ್ಲಿ ಶಾಂತಪ್ಪ ಎಂದು ಕರೆಯುತ್ತೇನೆ. ಈ ಬರಹದಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ.

ನಾನು ಹೋದಾಗ ಶಾಂತಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಕಡ್ಡಿಯಾಗಿ ಕಾಣುತ್ತಿತ್ತು. ನನ್ನ ಕೊರಳಿನ ಸಣ್ಣ ಶಿಲುಬೆ ನೋಡಿ ಎದ್ದು ನಿಂತು, “ಸ್ತೋತ್ರ ಸಿಸ್ಟರ್, ಬರ್ರಿ ಒಳಗ” ಎಂದರು. ಅವರ ಹೆಂಡತಿ ಹುಲಿಗೆಮ್ಮ ಆಗತಾನೆ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದಿದ್ದಳು. ಔಷಧ ಏಕೆ ಬಿಟ್ಟಿರಿ ಎಂದು ನಾನು ನೇರವಾಗಿ ಕೇಳಿದೆ.

ನಡೆದದ್ದು ಹೀಗೆ. ಕ್ಷಯದ ಔಷಧ ಮೊದಲ ಎರಡು ತಿಂಗಳು ಜೋರಾಗಿ ಕೆಲಸ ಮಾಡುತ್ತದೆ. ಜ್ವರ ಇಳಿಯುತ್ತದೆ, ಕೆಮ್ಮು ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ, ಕಫದಲ್ಲಿ ಕ್ರಿಮಿ ಕಾಣುವುದಿಲ್ಲ. ರೋಗಿಗೆ ಗುಣವಾದಂತೆಯೇ ಅನ್ನಿಸುತ್ತದೆ. ಆದರೆ ಕ್ರಿಮಿ ಒಳಗೆ ಅಡಗಿ ಕೂತಿರುತ್ತದೆ, ಅದಕ್ಕಾಗಿ ಇನ್ನೂ ನಾಲ್ಕು ತಿಂಗಳು ಮಾತ್ರೆ ನುಂಗಬೇಕು. ಶಾಂತಪ್ಪನವರಿಗೆ ಎರಡು ತಿಂಗಳು ಮುಗಿದು ಮುಖದಲ್ಲಿ ಕಳೆ ಬಂದಿದ್ದ ಹೊತ್ತಿಗೆ ಹೊರಗಿನಿಂದ ಉಪದೇಶ ಮಾಡಲು ಒಬ್ಬ ಪ್ರಸಂಗಿ ಅವರ ಸಭೆಗೆ ಬಂದರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವರ ಸಭೆಯಲ್ಲಿ ಒಂದು ಪದ್ಧತಿ ಇದೆ: ದೇವರಿಂದ ಉಪಕಾರ ಹೊಂದಿದವರು ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ಅದನ್ನು ಹೇಳಬೇಕು. ಅದಕ್ಕೆ ಸಾಕ್ಷಿ ಕೊಡುವುದು ಎನ್ನುತ್ತಾರೆ. ಪ್ರಸಂಗಿ ಕೇಳಿದರು, ಜನ ಕೇಳಿದರು, ಶಾಂತಪ್ಪ ಎದ್ದು ನಿಂತು ಕರ್ತನು ನನ್ನನ್ನು ಸ್ವಸ್ಥ ಮಾಡಿದ್ದಾನೆ ಎಂದುಬಿಟ್ಟರು.

“ಅಷ್ಟು ಮಂದಿ ಮುಂದ ಹೇಳೀನ್ರಿ ಸಿಸ್ಟರ್. ಮರುದಿನ ಗುಳಿಗಿ ನುಂಗಿದ್ರ ದೇವರನ್ನ ಸುಳ್ಳ ಮಾಡಿದಂಗ ಆಗಲ್ಲೇನು?”

ಅವರು ವಾದಕ್ಕಾಗಿ ಹೇಳಿದ ಮಾತಲ್ಲ ಅದು. ನಿಜವಾಗಿ ಆ ಭಯ ಅವರಲ್ಲಿತ್ತು. ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಷ್ಟೋ ಬೆಳಗು ಕೂತಿದ್ದರಂತೆ. ನುಂಗಿದರೆ ಅವಿಶ್ವಾಸ, ನುಂಗದಿದ್ದರೆ ಕೆಮ್ಮು. ಕೊನೆಗೆ ಕೆಮ್ಮನ್ನೇ ಆರಿಸಿಕೊಂಡರು.

ಹುಲಿಗೆಮ್ಮ ಒಲೆಯ ಕಡೆಯಿಂದ, “ದೇವ್ರ ಮಾತು ಇವ್ರಿಗೆ ಅಷ್ಟು ದೂರದಿಂದ ಕೇಳಿಸ್ತತಿ ನೋಡ್ರಿ ಸಿಸ್ಟರಮ್ಮ. ಮಗ್ಗಲಾಗ ಕುಂತು ನಾನು ಬಡ್ಕಂಡಿದ್ದು ಮಾತ್ರ ಕೇಳ್ಲಿಲ್ಲ” ಎಂದಳು. ಶಾಂತಪ್ಪ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅವರು ಬಾಯಿಗೆ ಹಿಡಿದಿದ್ದ ಬಟ್ಟೆಯನ್ನು ನಾನು ತೋರಿಸಿ ಎಂದೆ. ಅದರಲ್ಲಿ ರಕ್ತದ ಗೆರೆ ಇತ್ತು.

ಕಫವನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಈಗ ಒಂದು ಯಂತ್ರವಿದೆ, ಕ್ರಿಮಿ ಇದೆಯೋ ಇಲ್ಲವೋ ಎಂಬುದರ ಜೊತೆಗೆ ಅದು ಔಷಧಕ್ಕೆ ಬಗ್ಗುತ್ತದೆಯೋ ಇಲ್ಲವೋ ಎನ್ನುವುದನ್ನೂ ಹೇಳುತ್ತದೆ. ವರದಿ ಬಂತು: ರಿಫಾಂಪಿಸಿನ್‌ಗೆ ಪ್ರತಿರೋಧ. ಕ್ಷಯದ ಮುಖ್ಯ ಔಷಧವೇ ಇನ್ನು ಈ ಮನುಷ್ಯನ ಮೇಲೆ ಕೆಲಸ ಮಾಡುವುದಿಲ್ಲ ಎಂದರ್ಥ. ಅರ್ಧಕ್ಕೆ ಔಷಧ ಬಿಟ್ಟವರಲ್ಲಿ ಹೀಗೆ ಆಗುವುದುಂಟು. ಉಳಿದದ್ದು ಎರಡನೆಯ ಸಾಲಿನ ಔಷಧಗಳು. ದಿನಕ್ಕೆ ಹಿಡಿ ತುಂಬ ಮಾತ್ರೆ, ಹಲವು ತಿಂಗಳು. ಅದರಲ್ಲಿ ಮೊದಲ ಕೆಲವು ತಿಂಗಳು ಭಾನುವಾರ ಬಿಟ್ಟು ದಿನಾಲೂ ಕನಾಮೈಸಿನ್ ಎಂಬ ಇಂಜೆಕ್ಷನ್. ಬಾಯಿಂದ ಮಾತ್ರ ತೆಗೆದುಕೊಳ್ಳುವ ಹೊಸ ಔಷಧಗಳು ಆಗ ಎಲ್ಲರಿಗೂ ಸಿಗುತ್ತಿರಲಿಲ್ಲ.

ಇಷ್ಟಕ್ಕೆ ಅವರು ಒಪ್ಪದಿದ್ದರೆ ಸಾಯುತ್ತಾರೆ. ಅದಕ್ಕೂ ಮೊದಲು ಹೆಂಡತಿಗೆ, ಸಭೆಯವರಿಗೆ ಅಂಟಿಸುತ್ತಾರೆ. ಇದನ್ನು ನಾನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಆಮೇಲೆ ಆರೋಗ್ಯ ಸಹಾಯಕಿಯಾಗಿ ಅಲ್ಲ, ಕ್ರೈಸ್ತಳಾಗಿ ಒಂದು ಮಾತು ಸೇರಿಸಿದೆ.

“ದೇವರು ಗುಳಿಗೆ ಬಿಡು ಅಂತ ನಿಮಗೆ ಹೇಳಲಿಲ್ಲ ಪಾಸ್ಟರ್. ಬಿಟ್ಟೋರು ನೀವು. ಹೇಳಿದ್ದನ್ನ ಹೇಳಿದಂಗೆ ಮಾಡೋದೂ ವಿಶ್ವಾಸನೇ. ಈ ಸಲ ಪ್ರಶ್ನೆ ಬೇಡ.”

ಮುಂದಿನ ಭಾನುವಾರ ಶಾಂತಪ್ಪ ತಾವೇ ಸಭೆಯ ಮುಂದೆ ನಿಂತು, ಹಿಂದೆ ಕೊಟ್ಟ ಸಾಕ್ಷಿ ಅವಸರದ್ದು, ನಾನು ಇನ್ನೂ ರೋಗಿ, ಔಷಧ ತೆಗೆದುಕೊಳ್ಳುತ್ತೇನೆ ಎಂದು ಹೇಳಿದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೂರದಲ್ಲಿ ನಿಂತು, ಎರಡೇ ಮಾತಿನಲ್ಲಿ ಮುಗಿಸಿದರಂತೆ. ಸಭೆಯ ಹಿರಿಯರೂ ಡೋಲಕ್ ಬಾರಿಸುವವರೂ ಆದ ಕೊಟ್ರಪ್ಪ, ಗೂಡ್ಸ್ ಆಟೋ ಓಡಿಸುವ ಮನುಷ್ಯ, ಅಲ್ಲೇ ಎದ್ದು, ಕೊಟ್ಟ ಸಾಕ್ಷಿ ತಿರುಗಿ ಇಸಕೊಳ್ಳೋದು ಯಾವ ಊರಾಗ ಐತಿ ಎಂದು ಕೇಳಿದರಂತೆ. ಕೆಲವು ಮನೆಯವರು ಅಂದಿನಿಂದ ಬರುವುದು ಬಿಟ್ಟರು. ಕೊಟ್ರಪ್ಪ ಗೊಣಗುತ್ತಲೇ ಉಳಿದುಕೊಂಡರು.

ಬಳ್ಳಾರಿಯಲ್ಲಿ ಕೆಲವು ದಿನ ಒಳರೋಗಿಯಾಗಿಟ್ಟುಕೊಂಡು ಎಲ್ಲ ಪರೀಕ್ಷೆ ಮಾಡಿ ಚಿಕಿತ್ಸೆ ಶುರು ಮಾಡಿದರು. ಕಿವಿಯ ಪರೀಕ್ಷೆಯೂ ಆಯಿತು. ಕನಾಮೈಸಿನ್ ಕೆಲವರಿಗೆ ಕಿವಿಯ ನರವನ್ನು ಸುಡುತ್ತದೆ. ಮೊದಲು ಕಿವಿಯಲ್ಲಿ ಗುಯ್ ಎಂಬ ಶಬ್ದ ಶುರುವಾಗುತ್ತದೆ, ಆಗಲೇ ಹೇಳಿದರೆ ಇಂಜೆಕ್ಷನ್ ನಿಲ್ಲಿಸಿ ಬೇರೆ ಔಷಧ ಕೊಡಬಹುದು. ತಡವಾದರೆ ಹೋದದ್ದು ತಿರುಗಿ ಬರುವುದಿಲ್ಲ. ಶಾಂತಪ್ಪನವರ ಕಿವಿ ಆಗ ಸರಿಯಾಗಿತ್ತು.

ಊರಿಗೆ ಬಂದ ಮೇಲೆ ದಿನಾಲೂ ಇಂಜೆಕ್ಷನ್ ಕೊಡುವ ಕೆಲಸ ನನ್ನದಾಯಿತು. ಆ ಉಪಕೇಂದ್ರದ ನರ್ಸ್ ಹೆರಿಗೆ ರಜೆಯಲ್ಲಿದ್ದಳು. ಬೆಳಿಗ್ಗೆ ಸ್ಕೂಟಿಯಲ್ಲಿ ಹೊರಟು, ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಹಿನ್ನೀರಿನ ಕಡೆ ಇಳಿದರೆ ಅವರ ಮನೆ. ಮಳೆಗಾಲದಲ್ಲಿ ನೀರು ಹೊಲದ ಅಂಚಿಗೆ ಬಂದು ನಿಲ್ಲುತ್ತಿತ್ತು. ಅವರು ಕೈಕಾಲು ತೊಳೆದು, ಪೂಜೆಗೆ ಕೂತವರ ಹಾಗೆ ಚಾಪೆಯ ಮೇಲೆ ಸಿದ್ಧರಾಗಿ ಕೂತಿರುತ್ತಿದ್ದರು. ಮಾತ್ರೆಗಳನ್ನು ನನ್ನ ಕಣ್ಣೆದುರೇ ನುಂಗಬೇಕು, ಅದು ನಿಯಮ. ಆಮೇಲೆ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಇಂಜೆಕ್ಷನ್. ಆ ಔಷಧ ಒಳಗೆ ಹೋಗುವಾಗ ಬಹಳ ಉರಿಯುತ್ತದೆ. ಅವರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು, ಒಂದು ದಿನವೂ ಹಾ ಎನ್ನಲಿಲ್ಲ.

ನಾನೂ ಒಳಗೊಳಗೇ ಪ್ರಾರ್ಥಿಸುತ್ತಿದ್ದೆ. ಇವರ ರೋಗ ಹೋಗಲಿ, ಕಿವಿ ಉಳಿಯಲಿ. ಪ್ರತಿದಿನ ಇದೇ ಎರಡು ಮಾತು. ನಂತರ ನಿಯಮದಂತೆ ಪ್ರಶ್ನೆಗಳು: ವಾಂತಿ? ಕಣ್ಣು ಮಂಜು? ಕೀಲು ನೋವು? ಕಿವಿಯಲ್ಲಿ ಶಬ್ದ? ಎಲ್ಲಕ್ಕೂ ಅವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಇಷ್ಟು ಒಳ್ಳೆಯ ರೋಗಿಯನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಕೇಂದ್ರದಲ್ಲಿ ಇತರ ರೋಗಿಗಳಿಗೆ ಅವರ ಉದಾಹರಣೆ ಕೊಡುತ್ತಿದ್ದೆ. ಬಳ್ಳಾರಿಯಲ್ಲಿ ಮತ್ತೆ ಕಿವಿ ಪರೀಕ್ಷೆಗೆ ಕರೆದ ದಿನ ಹೋಗಿ ಬಂದು, ಮಷೀನು ರಿಪೇರಿಗೆ ಹೋಗಿದೆ, ಮುಂದಿನ ತಿಂಗಳು ಬಾ ಅಂದರು ಎಂದು ಹೇಳಿದರು. ಅದು ನಿಜವೇ ಆಗಿತ್ತು, ನಾನು ವಿಚಾರಿಸಿದೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ಸ್ವಲ್ಪ ಜೋರಾಗಿ ಮಾತಾಡುತ್ತಾರೆ ಅನ್ನಿಸಿತ್ತು. ಪಾಸ್ಟರುಗಳು ಜೋರಾಗಿ ಮಾತಾಡುವುದು ಹೊಸದೇನಲ್ಲ.

ಕಫದ ವರದಿಗಳು ಚೆನ್ನಾಗಿ ಬರುತ್ತಿದ್ದವು. ಕ್ರಿಮಿ ಇಲ್ಲ, ಇನ್ನು ಯಾರಿಗೂ ಅಂಟುವ ಭಯವಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಶಾಂತಪ್ಪ ಮತ್ತೆ ಸಭೆ ನಡೆಸತೊಡಗಿದರು. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಒಂದು ಭಾನುವಾರ ನಮ್ಮ ದೇವಾಲಯದ ಆರಾಧನೆ ಮುಗಿಸಿಕೊಂಡು, ಅವರ ಸಭೆಯನ್ನೂ ಒಮ್ಮೆ ನೋಡೋಣವೆಂದು ಹೋದೆ. ನಮ್ಮಲ್ಲಿ ಎಲ್ಲವೂ ಕ್ರಮದಂತೆ, ತಗ್ಗಿದ ದನಿಯಲ್ಲಿ ನಡೆಯುತ್ತದೆ. ಅಲ್ಲಿ ಹಾಗಲ್ಲ. ತಗಡಿನ ಕೆಳಗೆ ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು, ಕೊಟ್ರಪ್ಪ ಡೋಲಕ್ ಬಾರಿಸುತ್ತಿದ್ದರು, ಶಾಂತಪ್ಪ ಮುಂದೆ ನಿಂತು ಹಾಡಿಸುತ್ತಿದ್ದರು. ನಾನು ಹಿಂದೆ ಗೋಡೆಗೆ ಒರಗಿ ಕೂತೆ.

ಸ್ವಲ್ಪ ಹೊತ್ತಿನಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಶಾಂತಪ್ಪ ಜನರ ಕಡೆ ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿರಲಿಲ್ಲ, ಪುಸ್ತಕ ನೋಡುತ್ತಿರಲಿಲ್ಲ. ಅವರ ಕಣ್ಣು ಕೊಟ್ರಪ್ಪನ ಕೈಗಳ ಮೇಲೇ ಇತ್ತು. ಹಾಡಿನ ನಡುವೆ ಕೊಟ್ರಪ್ಪ ಮುಖದ ಬೆವರು ಒರೆಸಿಕೊಳ್ಳಲು ಕೈ ಎತ್ತಿದರು. ಹೆಂಗಸರ ಹಾಡು, ಚಪ್ಪಾಳೆ ನಿಲ್ಲದೆ ನಡೆದಿತ್ತು. ಶಾಂತಪ್ಪ ಮಾತ್ರ ಹಾಡು ನಿಲ್ಲಿಸಿ, ಬೈಬಲ್ ತೆರೆದು, “ಎಲ್ಲರೂ ಕುಂದರ್ರಿ, ವಾಕ್ಯ ಓದೋಣ” ಎಂದರು.

ಜನ ಗಲಿಬಿಲಿಯಾಗಿ ಒಬ್ಬೊಬ್ಬರೇ ಸುಮ್ಮನಾದರು. ಡೋಲಕ್ಕಿನ ಕೈ ನಿಂತದ್ದನ್ನು ನೋಡಿ ಹಾಡು ಮುಗಿಯಿತೆಂದುಕೊಂಡಿದ್ದರು ಅವರು.

ಆರಾಧನೆ ಮುಗಿದ ಮೇಲೆ ಅವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದೆ. ಇನ್ನೊಮ್ಮೆ ಜೋರಾಗಿ ಕರೆದೆ. ಅವರು ಮೇಜಿನ ಬಟ್ಟೆ ಮಡಿಸುತ್ತಲೇ ಇದ್ದರು. ಮುಂದೆ ಹೋಗಿ ನಿಂತಾಗ ನನ್ನ ಮುಖ ನೋಡಿ, ನನಗೆ ಗೊತ್ತಾಗಿದೆ ಎನ್ನುವುದು ಅವರಿಗೂ ಗೊತ್ತಾಯಿತು. ಎಂದಿನಿಂದ ಎಂದು ಬಾಯಗಲಿಸಿ ಕೇಳಿದೆ. ಗುಯ್ ಎಂಬ ಶಬ್ದ ಶುರುವಾದದ್ದು ಮೊದಲ ತಿಂಗಳ ಕೊನೆಯಲ್ಲೇ. ದಿನಾಲೂ ನಾನು ಕೇಳುತ್ತಿದ್ದ ನಾಲ್ಕು ಪ್ರಶ್ನೆಗಳು ಅವರಿಗೆ ಬಾಯಿಪಾಠವಾಗಿದ್ದವು. ನಾಲ್ಕು ಸಲ ತಲೆಯಾಡಿಸಿದರೆ ಮುಗಿಯಿತು. ಮನೆಯಲ್ಲಿ ಕರೆದರೂ ತಿರುಗದಿದ್ದುದನ್ನು ಹುಲಿಗೆಮ್ಮ ಅವರ ಹಳೆಯ ಅಭ್ಯಾಸವೆಂದೇ ತಿಳಿದಿದ್ದಳು.

“ಹೇಳಬೇಕಿತ್ತಲ್ಲ ಪಾಸ್ಟರ್. ದಿನಾ ಕೇಳ್ತಿದ್ನಲ್ಲ” ಎಂದೆ. ಅವರಿಗೆ ಅರ್ಥವಾಗುವವರೆಗೆ ಮತ್ತೆ ಮತ್ತೆ ಹೇಳಬೇಕಾಯಿತು.

“ಒಂದ್ ಸಲ ನನ್ನ ಬುದ್ಧಿ ಓಡಿಸಿ ಔಷಧ ಬಿಟ್ಟೆ ಸಿಸ್ಟರ್. ಈ ಸಲ ನನ್ನ ಬುದ್ಧಿ ಬ್ಯಾಡ, ಏನ್ ಬಂದ್ರೂ ಗುಣುಗುಟ್ಟಬಾರದು ಅಂತ ದೇವರ ಮುಂದ ಆಣಿ ಮಾಡೀನಿ. ಕಿವಿ ಗುಯ್ಯ ಅಂತತಿ ಅಂದ್ರ ನೀವು ಸೂಜಿ ನಿಲ್ಲಿಸ್ತೀರಿ. ಅದು ಮತ್ತ ಬಿಟ್ಟಂಗ ಆಗ್ತತಲ್ಲ.”

ಅವರ ಮಟ್ಟಿಗೆ ಮೊದಲ ಸಲ ಅವರು ಬಿದ್ದದ್ದು ಅವಸರದ ವಿಶ್ವಾಸದಿಂದ. ಆದ್ದರಿಂದ ಎರಡನೆಯ ಸಲ ತಪ್ಪದೆ ವಿಧೇಯರಾದರು. ದೂರು ಹೇಳುವುದನ್ನು ಅವಿಧೇಯತೆ ಎಂದು ತಿಳಿದರು. ಪ್ರಶ್ನೆ ಬೇಡ ಎಂದು ನಾನು ಹೇಳಿದ್ದು ಅವರಿಗೆ ದೇವರ ಮಾತಿನಷ್ಟೇ ದೊಡ್ಡದಾಗಿತ್ತು. ಇದರಲ್ಲಿ ಯಾರ ಪಾಲು ಎಷ್ಟು ಎಂದು ನಾನು ಇಲ್ಲಿ ತೂಗಲು ಹೋಗುವುದಿಲ್ಲ. ತೂಗಿದರೂ ಕಿವಿ ಬರುವುದಿಲ್ಲ.

ಅಂದೇ ವೈದ್ಯಾಧಿಕಾರಿಗೆ ಫೋನ್ ಮಾಡಿದೆ. ಇಂಜೆಕ್ಷನ್ ನಿಂತಿತು. ಬಳ್ಳಾರಿಗೆ ನಾನೇ ಕರೆದುಕೊಂಡು ಹೋದೆ, ಜೊತೆಗೆ ಬಂದ ಹುಲಿಗೆಮ್ಮ ಪರೀಕ್ಷೆಯ ಕೋಣೆಯ ಹೊರಗೆ ಕೂತಳು. ಪರೀಕ್ಷೆ ಮಾಡಿದವರು ನನ್ನನ್ನು ಪಕ್ಕಕ್ಕೆ ಕರೆದು, ಎರಡೂ ಕಿವಿಯಲ್ಲಿ ಏನೂ ಉಳಿದಿಲ್ಲವೆನ್ನುವಷ್ಟು ನಷ್ಟವಾಗಿದೆ, ಶ್ರವಣ ಸಾಧನ ಹಾಕಿದರೂ ಗದ್ದಲ ಕೇಳಿಸೀತೇ ಹೊರತು ಮಾತು ಕೇಳಿಸುವುದು ಅನುಮಾನ ಎಂದರು. ಪಕ್ಕಕ್ಕೆ ಕರೆಯುವ ಅಗತ್ಯವಿರಲಿಲ್ಲ, ಅಲ್ಲೇ ಎದುರಿಗೆ ಹೇಳಿದ್ದರೂ ಆಗುತ್ತಿತ್ತು. ವಾಪಸು ಬಸ್ಸಿನಲ್ಲಿ ಶಾಂತಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹುಲಿಗೆಮ್ಮ ದಾರಿಯುದ್ದಕ್ಕೂ ಅವರ ಅಂಗಿಯ ತೋಳು ಹಿಡಿದುಕೊಂಡಿದ್ದಳು. ನನ್ನ ಜೊತೆ ಮಾತಾಡಲಿಲ್ಲ.

ಔಷಧ ಬದಲಾಯಿತು, ಇನ್ನೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಿತ್ತು. ಈಗ ಬಿಟ್ಟರೆ ಮುಂದೆ ಕೊಡಲು ನಮ್ಮ ಬಳಿ ಏನೂ ಇರುವುದಿಲ್ಲ. ಇಲ್ಲಿಯವರೆಗೆ ಬಂದದ್ದೆಲ್ಲ ವ್ಯರ್ಥವಾಗಿ ಕಿವಿಯ ಜೊತೆ ಜೀವವೂ ಹೋಗುತ್ತದೆ.

ಸುದ್ದಿ ಸಭೆಯಲ್ಲಿ ಹರಡಿತು. ಕೊಟ್ರಪ್ಪ ಕೇಂದ್ರಕ್ಕೇ ಬಂದು ನನ್ನ ಮೇಜಿನ ಮುಂದೆ ನಿಂತರು. ಜಗಳ ಆಡುವ ಮನುಷ್ಯ ಎಂದುಕೊಂಡಿದ್ದೆ, ಅವರ ಕಣ್ಣಲ್ಲಿ ನೀರಿತ್ತು.

“ನಮ್ಮ ಪಾಸ್ಟರ್ ಹಾಡಿದ್ರ ಹೊಳಿ ಆಚಿಗೆ ಕೇಳಿಸ್ತಿತ್ತು ಅಕ್ಕಾರ. ನೀವೂ ನಮ್ಮೋರು ಅಂತ ನಂಬಿದ್ವಿ. ದಿನಾ ಬಂದು ಚುಚ್ಚಿ ಚುಚ್ಚಿ ಈ ಗತಿ ಮಾಡಿಟ್ರಿ.”

ನಾನು ವೈದ್ಯಕೀಯ ಕಾರಣಗಳನ್ನು ವಿವರಿಸಿದೆ. ಅವರು ಅರ್ಧಕ್ಕೇ ಹೊರಟು ಹೋದರು. ಆ ವಾರದಿಂದ ಅವರೂ ಇನ್ನೂ ಹಲವು ಮನೆಯವರೂ ಹಗರಿಬೊಮ್ಮನಹಳ್ಳಿಯ ಬೇರೊಂದು ಸಭೆಗೆ ಹೋಗತೊಡಗಿದರು. ಡೋಲಕ್ ಅವರದೇ, ಅದನ್ನೂ ಒಯ್ದರು. ಶಾಂತಪ್ಪನವರಿಗೆ ಹಾಡು ಹಿಡಿಯಲು ಇದ್ದದ್ದು ಆ ಕೈಗಳು. ಆ ಕ್ರಿಸ್‌ಮಸ್ಸಿಗೆ ಅಲ್ಲಿ ಹಾಡಾಗಲಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿದಳು.

ನನ್ನ ಒಳಗಿನ ಸ್ಥಿತಿಯನ್ನೂ ಬರೆಯಬೇಕು. ಪ್ರಾರ್ಥಿಸುತ್ತ ಚುಚ್ಚಿದವಳು ನಾನು. ಎರಡು ಮಾತು ಕೇಳಿದ್ದೆ, ಒಂದು ನಡೆಯಿತು, ಇನ್ನೊಂದು ನಡೆಯಲಿಲ್ಲ. ಔಷಧದ ಅಡ್ಡಪರಿಣಾಮ ಎಂದು ನನ್ನೊಳಗಿನ ನರ್ಸಿಗೆ ಗೊತ್ತು. ಮಂಡಿಯೂರಿದಾಗ ಆ ಉತ್ತರ ಸಾಲುತ್ತಿರಲಿಲ್ಲ. ಶಾಂತಪ್ಪ ಮೊದಲು ಅಹಂಕಾರದಿಂದ ನಡೆದಾಗ ಒಂದು ಶಿಕ್ಷೆ ಆಯಿತು, ಸರಿ. ಅವರು ತಲೆಬಾಗಿ ನಡೆದಾಗ ಕಿವಿ ಏಕೆ ಹೋಗಬೇಕು? ದೇವರ ಮಾತನ್ನೇ ದಿನವಿಡೀ ನೆನೆಯುವ ಮನುಷ್ಯನ ಕಿವಿ? ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಕೂರುತ್ತಿದ್ದೆ, ಅದು ಬೋರ್ಡಿಂಗಿನ ಅಭ್ಯಾಸ, ಬಿಡಲಾಗದು. ಕೂತರೆ ಒಂದು ಮಾತೂ ಹುಟ್ಟುತ್ತಿರಲಿಲ್ಲ. ಹೊತ್ತು ಮುಗಿದ ಮೇಲೆ ಎದ್ದು ಚಹಾಕ್ಕೆ ನೀರಿಡುತ್ತಿದ್ದೆ. ಕೇಳುವವರು ಯಾರೂ ಇಲ್ಲದ ಕೋಣೆಯಲ್ಲಿ ಇಷ್ಟು ವರ್ಷ ಮಾತಾಡಿದ್ದೇನೆಯೇ ಎಂಬ ಯೋಚನೆ ಸ್ಕೂಟಿ ಓಡಿಸುವಾಗಲೂ ಬಿಡುತ್ತಿರಲಿಲ್ಲ. ಇದನ್ನು ನಾನು ನಮ್ಮ ದೇವಾಲಯದ ಸಭಾಪಾಲಕರಿಗೂ ಹೇಳಲಿಲ್ಲ. ಹೇಳಿದರೆ ನನಗಾಗಿ ಪ್ರಾರ್ಥಿಸುತ್ತೇನೆ ಎನ್ನುತ್ತಿದ್ದರು, ಅದನ್ನು ಕೇಳುವ ತಾಳ್ಮೆ ನನಗಿರಲಿಲ್ಲ.

ಹೊಸ ವರ್ಷದ ಆರಂಭದಲ್ಲಿ ಶಾಂತಪ್ಪ ಮಾತ್ರೆ ನಿಲ್ಲಿಸಿದರು. ನಾನು ಮಾತ್ರೆ, ನೀರಿನ ಲೋಟ ಮುಂದಿಟ್ಟರೆ ಎದ್ದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನವೂ ಹಾಗೇ. ವೈದ್ಯಾಧಿಕಾರಿ ಬಂದು ಕಾಗದದ ಮೇಲೆ ಬರೆದು ತೋರಿಸಿದರು. ಓದಿ, ಮಡಿಸಿ, ದಿಂಬಿನ ಕೆಳಗಿಟ್ಟುಕೊಂಡರಂತೆ.

“ನಾನು ಅತ್ತೀನಿ, ಬೈದೀನಿ, ಕಾಲಿಗೂ ಬಿದ್ದೀನಿ” ಎಂದು ಹುಲಿಗೆಮ್ಮ ನನಗೆ ಹೇಳಿದಳು. ಬಳ್ಳಾರಿಯಿಂದ ಬಂದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. “ಇನ್ನ ನೀವ ಏನಾರ ಮಾಡ್ರಿ. ಹಾಳಾಗಿ ಹೋಗ್ಲಿ ಕಿವಿ, ಮನುಷ್ಯ ಉಳಿದ್ರ ಸಾಕು ನನಿಗೆ.”

ಏನು ಮಾಡುವುದು? ಬುದ್ಧಿ ಹೇಳೋಣವೆಂದರೆ ಅವರಿಗೆ ಕೇಳಿಸುವುದಿಲ್ಲ. ದೇವರ ಹೆಸರು ಹೇಳಿ ಒಪ್ಪಿಸೋಣವೆಂದರೆ ನನ್ನಲ್ಲೇ ಅದು ಉಳಿದಿರಲಿಲ್ಲ. ನನಗೆ ತಿಳಿದದ್ದು ಒಂದೇ, ನಿಗದಿಯಾದ ಹೊತ್ತಿಗೆ ನಿಗದಿಯಾದ ಜಾಗಕ್ಕೆ ಹೋಗುವುದು. ಹೋದೆ. ಕಟ್ಟೆಯ ಮೇಲೆ, ಹೊಲಿಗೆ ಯಂತ್ರದ ಪಕ್ಕ, ಮಾತ್ರೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಬೇರೆ ಭೇಟಿಗಳಿಗೆ ಹೊತ್ತಾಗುವವರೆಗೆ ಕೂತು ಎದ್ದು ಬಂದೆ. ಮರುದಿನ ಮತ್ತೆ ಹೋದೆ. ಹೀಗೆ ಆ ವಾರವೆಲ್ಲ ನಡೆಯಿತು. ಊರ ಹೆಂಗಸರು ನೀರು ತರಲು ಹೋಗುವಾಗ ನೋಡಿ, ಸಾಲ ವಸೂಲಿಗೆ ಬಂದೋರಂಗ ಕುಂತಾರ ನೋಡು ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ಶಾಂತಪ್ಪ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತರು. ಗಡ್ಡ ಬೆಳೆದಿತ್ತು, ಕೆಮ್ಮು ಮತ್ತೆ ಶುರುವಾಗಿರಲಿಲ್ಲ. ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯದೆ ಬೀದಿಗೆಲ್ಲ ಕೇಳುವಂತೆ ಕೇಳಿದರು.

“ಸಿಸ್ಟರ್, ಖರೇ ಹೇಳ್ರಿ. ಆತ ಅದಾನ ಅಂತ ನಿಮಗಿನ್ನೂ ಅನಸ್ತತೇನು?”

ನಾನು ಅಷ್ಟು ವರ್ಷದಲ್ಲಿ ರೋಗಿಗಳಿಗೆ ಧೈರ್ಯ ಬರಲೆಂದು ಎಷ್ಟೋ ಮಾತು ಹೇಳಿದವಳು. ಆಗಲೂ ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಆ ಮನುಷ್ಯ ತಮ್ಮ ಸಾಕ್ಷಿಯನ್ನು ಜನರೆದುರು ಹಿಂತೆಗೆದುಕೊಂಡವರು, ಅವರ ಮುಂದೆ ನನ್ನ ಬಾಯಿಗೆ ಸುಳ್ಳು ಬರಲಿಲ್ಲ. ಅಂಗೈ ಮೇಲೆ ಮಾಡಿ, ಗೊತ್ತಿಲ್ಲ ಎಂದು ತೋರಿಸಿದೆ.

ಅವರು ನನ್ನ ಮುಖವನ್ನೇ ನೋಡಿದರು.

“ಮತ್ತ ದಿನಾ ಯಾಕ ಬರ್ತೀರಿ?”

ಡಬ್ಬಿಯ ಮುಚ್ಚಳ ತೆಗೆದು ಅವರ ಕಡೆ ಹಿಡಿದೆ. ಅವರು ಎದ್ದು ಒಳಗೆ ಹೋದರು. ಹೋಗಿಬಿಟ್ಟರು ಎಂದುಕೊಂಡೆ. ತಾವೇ ಒಂದು ಲೋಟ ನೀರು ತುಂಬಿಕೊಂಡು ಬಂದರು. ಒಂದೊಂದೇ ಮಾತ್ರೆ ತೆಗೆದು ನುಂಗಿದರು. ಕಣ್ಣು ಮುಚ್ಚಲಿಲ್ಲ, ತುಟಿ ಆಡಿಸಲಿಲ್ಲ. ಮುಗಿದ ಮೇಲೆ ಲೋಟ ಕೆಳಗಿಟ್ಟು, “ಹೊಟ್ಟಿ ಉರಿತತಿ ಸಿಸ್ಟರ್ ಇದ್ರಿಂದ. ಮೊದಲಿಂದನೂ ಉರಿತತಿ” ಎಂದರು.

ಅವರು ನನಗೆ ಹೇಳಿದ ಮೊದಲ ದೂರು ಅದು. ಅಂದೇ ವೈದ್ಯರಿಗೆ ಹೇಳಿ ಹೊಟ್ಟೆ ಉರಿಗೆ ಔಷಧ ತಂದುಕೊಟ್ಟೆ.

ಅಲ್ಲಿಂದ ಮುಂದೆ ಅವರು ಒಂದು ದಿನವೂ ತಪ್ಪಿಸಲಿಲ್ಲ. ದಿನಾಲೂ ಒಂದಲ್ಲ ಒಂದು ದೂರು ಇರುತ್ತಿತ್ತು. ಪಾದ ಜೋಮು ಹಿಡಿಯುತ್ತದೆ, ನಿದ್ದೆ ಇಲ್ಲ, ಬಾಯಿ ಕಹಿ, ದೇವರು ನನ್ನ ಕಡೆ ನೋಡುತ್ತಿಲ್ಲ. ಕೊನೆಯದಕ್ಕೆ ನನ್ನ ಬಳಿ ಮಾತ್ರೆ ಇರಲಿಲ್ಲ. ಅದನ್ನೂ ಸುಮ್ಮನೆ ಕೇಳಿಸಿಕೊಂಡು, ನನಗೂ ಹಾಗೇ ಎಂದು ಎದೆ ಮುಟ್ಟಿ ತೋರಿಸುತ್ತಿದ್ದೆ. ಲಾಕ್‌ಡೌನ್ ಬಂದು ರಸ್ತೆಗಳು ಬಿಕೋ ಎನ್ನುತ್ತಿದ್ದಾಗಲೂ ಮಾತ್ರೆ ಮುಟ್ಟಿಸಿದೆ. ಮಳೆಗಾಲದ ಹೊತ್ತಿಗೆ ಚಿಕಿತ್ಸೆ ಮುಗಿಯಿತು, ಕ್ಷಯ ಗುಣವಾಗಿದೆ ಎಂದು ಬರೆದುಕೊಟ್ಟರು. ಕಿವಿ ಬರಲಿಲ್ಲ. ತಗಡಿನ ಮಂದಿರದ ಜಾಗದ ಮಾಲೀಕ ಅದನ್ನು ಗೊಬ್ಬರದ ಚೀಲ ಇಡಲು ಬಾಡಿಗೆಗೆ ಕೊಟ್ಟ. ಈಗ ನಾಲ್ಕೈದು ಮನೆಯವರು ಶಾಂತಪ್ಪನವರ ಪಡಸಾಲೆಯಲ್ಲೇ ಕೂಡುತ್ತಾರೆ. ಹುಲಿಗೆಮ್ಮ ವಾಕ್ಯ ಓದುತ್ತಾಳೆ, ಅವರು ಅವಳ ಬೆರಳು ಸಾಲಿನ ಮೇಲೆ ಎಲ್ಲಿದೆ ಎಂದು ನೋಡುತ್ತ ಕೂರುತ್ತಾರೆ. ಪ್ರಸಂಗ ಮಾಡುವುದಿಲ್ಲ. ನಾನು ಒಮ್ಮೆ ಹೋದಾಗ ಪ್ರಾರ್ಥನೆ ಮಾಡಿದರು. ಬಹಳ ಜೋರು ದನಿಯಲ್ಲಿ, ಬಹಳ ಚಿಕ್ಕದಾಗಿ.

ನಿವೃತ್ತಿಗೆ ಮೊದಲು ಹೊಸ ನರ್ಸುಗಳಿಗೆ ಪಾಠ ಹೇಳುವ ಅವಕಾಶ ಬಂದಾಗಲೆಲ್ಲ ನಾನು ಒಂದು ಮಾತು ಹೇಳುತ್ತಿದ್ದೆ. ಗಲಾಟೆ ಮಾಡುವ ರೋಗಿಯ ಬಗ್ಗೆ ಭಯ ಬೇಡ, ಅವನ ನೋವು ಎಲ್ಲಿದೆ ಎಂದು ಅವನೇ ತಿಳಿಸುತ್ತಾನೆ. ತಪ್ಪದೆ ಔಷಧ ನುಂಗಿ, ಕೇಳಿದ್ದಕ್ಕೆಲ್ಲ ಏನೂ ಇಲ್ಲ ಎಂದು ತಲೆಯಾಡಿಸುವವನ ಎದುರಿಗೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕು. ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದು ನೋಡಬೇಕು. ಮಾತು ಕೇಳು ಎಂದು ಹೇಳುವ ಬಾಯಿಯೇ, ನೋವಾದರೆ ಹೇಳು ಎಂದೂ ಹೇಳಬೇಕು.

ನನ್ನ ವಿಷಯಕ್ಕೂ ಇದನ್ನೇ ಅನ್ವಯಿಸಿಕೊಂಡಿದ್ದೇನೆ. ಬೋರ್ಡಿಂಗಿನಲ್ಲಿ ನಮಗೆ ದೇವರ ಮುಂದೆ ಕೈಕಟ್ಟಿ ಕೂರಲು ಕಲಿಸಿದರು, ಜಗಳವಾಡಲು ಕಲಿಸಲಿಲ್ಲ. ಈಗ ಬೆಳಗಿನ ಹೊತ್ತಿನಲ್ಲಿ ಕೂತಾಗ ನಾನು ಮೊದಲು ದೂರುಗಳನ್ನೇ ಹೇಳುತ್ತೇನೆ. ಶಾಂತಪ್ಪನವರ ಕಿವಿಯ ವಿಷಯ ಇವತ್ತೂ ಎತ್ತಿದ್ದೆ. ಆ ಕಡೆಯಿಂದ ಒಂದು ಮಾತೂ ಬಂದಿಲ್ಲ. ನಾಳೆಯೂ ಅದೇ ಹೊತ್ತಿಗೆ ಹೋಗಿ ಕೂರುತ್ತೇನೆ.